ಹೊರಗಿನವರು ಎಂಬ ಆಕ್ಷೇಪ

2018ರ ಏಪ್ರಿಲ್‌ನಲ್ಲಿ ಬಿ. ಶ್ರೀರಾಮುಲು ಮೊಳಕಾಲ್ಮುರು ವಿಧಾನಸಭಾ ಕ್ಷೇತ್ರದ ಅಭ್ಯರ್ಥಿಯಾಗಿ ನಾಯಕನಹಟ್ಟಿಗೆ ಬಂದಾಗ ಎದುರಾದದ್ದು ಪ್ರತಿಭಟನೆ. ಟಿಕೆಟ್ ತಪ್ಪಿದ ಶಾಸಕ ಎಸ್. ತಿಪ್ಪೇಸ್ವಾಮಿ ಅವರ ಬೆಂಬಲಿಗರು ಸಿಡಿದೆದ್ದಿದ್ದರು. ಬಳ್ಳಾರಿಯವರಿಗೆ ಮೊಳಕಾಲ್ಮುರು ಏಕೆ ಎಂಬ ಆಕ್ಷೇಪವೂ ಎದ್ದಿತು. ಆದರೂ ಮತದಾರರು 40 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಅವರನ್ನು ಗೆಲ್ಲಿಸಿದರು. 2023ರಲ್ಲಿ ಅವರು ಬಳ್ಳಾರಿ ಗ್ರಾಮೀಣಕ್ಕೆ ಮರಳಿದರು.

ಕಾನೂನು ಹುಟ್ಟೂರು ಕೇಳುವುದಿಲ್ಲ. ವಿಧಾನಸಭೆಗೆ ಸ್ಪರ್ಧಿಸುವವರು ಭಾರತದ ಪ್ರಜೆಯಾಗಿದ್ದು, 25 ವರ್ಷ ತುಂಬಿ, ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರಾಗಿರಬೇಕು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳಾದ್ದರಿಂದ ಇಲ್ಲಿ ನಿಜವಾಗಿ ಪರಿಶೀಲಿಸಬೇಕಾದದ್ದು ಜಾತಿ ಪ್ರಮಾಣಪತ್ರ. ಅದು ಸುಳ್ಳಾದರೆ ಒಂದು ಸಮುದಾಯದ ಪಾಲನ್ನೇ ಕಸಿದಂತೆ.

ಮೊಳಕಾಲ್ಮುರಿನ ರಾಂಪುರ ದಾಟಿದರೆ ಬಳ್ಳಾರಿ ಸೀಮೆ. ಇಟಲಿಯಲ್ಲಿ ಹುಟ್ಟಿದ ಸೋನಿಯಾ ಗಾಂಧಿ 1999ರಲ್ಲಿ ಅಲ್ಲಿ ಸುಷ್ಮಾ ಸ್ವರಾಜ್ ವಿರುದ್ಧ ನಿಂತಾಗ ವಿದೇಶಿ ಮೂಲವೇ ಪ್ರಚಾರದ ದೊಡ್ಡ ಸದ್ದು. 1983ರಲ್ಲೇ ಪೌರತ್ವ ಪಡೆದಿದ್ದ ಅವರು ಗೆದ್ದರು. ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. ಆ ಮತದಾರರಿಗೆ ನೋವಾಗಬೇಕಾದದ್ದು ಹುಟ್ಟಿನಿಂದಲ್ಲ, ಆ ರಾಜೀನಾಮೆಯಿಂದ.

ಚಿತ್ರದುರ್ಗ ಲೋಕಸಭಾ ಕ್ಷೇತ್ರ 2019ರಲ್ಲಿ ಆನೇಕಲ್‌ನ ಎ. ನಾರಾಯಣಸ್ವಾಮಿ ಅವರನ್ನು, 2024ರಲ್ಲಿ ಮುಧೋಳದ ಗೋವಿಂದ ಕಾರಜೋಳ ಅವರನ್ನು ಆರಿಸಿತು. ಬರದ ಈ ಸೀಮೆಯ ಜನ ಕೇಳುತ್ತಿರುವುದು ಭದ್ರಾ ಮೇಲ್ದಂಡೆ ಯೋಜನೆಯ ನೀರು. 2023ರ ಕೇಂದ್ರ ಬಜೆಟ್ ಆ ಯೋಜನೆಗೆ ಘೋಷಿಸಿದ 5,300 ಕೋಟಿ ರೂಪಾಯಿಯ ಲೆಕ್ಕವನ್ನು ಸಂಸದರು, ಶಾಸಕರು ಚಳ್ಳಕೆರೆಗೇ ಬಂದು ಹೇಳಲಿ.