ಹಾಡು ಕಲಿಸಿದ ಉಚ್ಚಾರಣೆ

ಪಾಣಿನೀಯ ಶಿಕ್ಷೆಯು ಅಧಮ ಪಾಠಕರನ್ನು ಆರು ಬಗೆಯಾಗಿ ಎಣಿಸಿ, ರಾಗವೆಳೆದು ಓದುವವನನ್ನೇ ಮೊದಲಲ್ಲಿ ನಿಲ್ಲಿಸಿರುವುದು. ಅದನ್ನು ನಂಬಿ ಮೂವತ್ತು ವರ್ಷ ಪಾಠ ಹೇಳಿದ ನಾನು, ಸಿನಿಮಾ ಹಾಡಿನಿಂದ ಭಾಷೆ ಬರುವುದೆಂದರೆ ನಗುತ್ತಿದ್ದೆನು. ಆ ನಗೆಗೆ ತಕ್ಕ ಶಾಸ್ತಿಯು ಬಂಗಾರಪೇಟೆಯ ನನ್ನ ಮನೆಯಲ್ಲಿಯೇ ಆಯಿತೆಂಬುದನ್ನು ವಾಚಕರಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಕೋಲಾರದ ಚಿನ್ನದ ಗಣಿಗೆ 19ನೆಯ ಶತಮಾನದ ಕೊನೆಯಿಂದ ಕೂಲಿಗಾಗಿ ಬಂದವರಲ್ಲಿ ಬಹುಮಂದಿ ತಮಿಳರು. 2001ರಲ್ಲಿ ಗಣಿ ಮುಚ್ಚಿತು, ಮನೆಮಾತು ಉಳಿಯಿತು. ಮಾರಿಕುಪ್ಪದ ಕಡೆಯ ಅಂಥದೊಂದು ಮನೆಯ ಹುಡುಗಿ, ಕನ್ನಡ ಹೇಳಿಸಿಕೊಳ್ಳಲು ರೈಲಿನಲ್ಲಿ ನನ್ನಲ್ಲಿಗೆ ಬರುತ್ತಿದ್ದಳು. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳೆರಡಕ್ಕೂ ಒಂದೇ ಅಕ್ಷರ, ಮಹಾಪ್ರಾಣಗಳಂತೂ ಇಲ್ಲ. ಅವಳು 'ಗಾಳಿ'ಯನ್ನು 'ಕಾಳಿ' ಎಂದು ಓದಿದಳು. "ಗಾಳಿಯ ಬದಲು ಕಾಳಿಯೇ ಬೀಸಿದಳಲ್ಲಾ!" ಎಂದು ನಾನು ಹಾಸ್ಯಮಾಡಿದೆನು. ಅಂದಿನಿಂದ ಹುಡುಗಿ ಗಟ್ಟಿಯಾಗಿ ಓದಲು ಬಾಯಿ ತೆರೆಯಲಿಲ್ಲ.

ಒಂದು ಸಂಜೆ ಅವಳು ಒಳಗೆ ನನ್ನ ಮನೆಯಾಕೆಯೊಡನೆ ಅವರೆಕಾಯಿ ಸುಲಿಯುತ್ತ, ಫೋನಿನಲ್ಲಿ ಕೇಳಿ ಕಲಿತ ಪಿ. ಬಿ. ಶ್ರೀನಿವಾಸರ ಹಾಡೊಂದನ್ನು ಹಾಡಿಕೊಳ್ಳುತ್ತಿದ್ದಳು. ಗಕಾರವು ಗಕಾರವಾಗಿಯೇ, ಧಕಾರವು ಧಕಾರವಾಗಿಯೇ ಇದ್ದುವು! ಬೆರಗಾಗಿ ಕೇಳಿದೆನು. "ಓದೋವಾಗ ಭಯ ಆಗುತ್ತೆ ಸಾರ್, ಹಾಡೋವಾಗ ಯಾರೂ ನಗೊಲ್ಲ" ಎಂದಳು. ನನ್ನ ತಲೆ ತಗ್ಗಿತು.

1960ರ 'ಭಕ್ತ ಕನಕದಾಸ'ದಲ್ಲಿ ರಾಜಕುಮಾರರಿಗಾಗಿ ಹಾಡಿದ ಆ ಶ್ರೀನಿವಾಸರು ಕಾಕಿನಾಡದಲ್ಲಿ ಹುಟ್ಟಿದವರು, ತೆಲುಗು ಮನೆಮಾತಿನವರು. ಎಸ್. ಜಾನಕಿಯವರೂ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರೂ ತೆಲುಗು ಮನೆಯವರೇ. ಪರನುಡಿಯನ್ನು ಕಿವಿಯಿಂದ ಕಲಿತು, ನಮಗೇ ಮಾದರಿಯಾಗುವಷ್ಟು ಶುದ್ಧವಾಗಿ ಹಾಡಿದರು.

ಆದುದರಿಂದ ಮನೆಯಲ್ಲಿ ಹೀಗೆ ಮಾಡಿಸಿರಿ. ಮಕ್ಕಳು ಮೊದಲು ಹಾಡನ್ನು ಕೇಳಿ ಬರೆಯಲಿ. ಬಳಿಕ ಪದಪದದ ಅರ್ಥ ತಿಳಿಯಲಿ. ಅರ್ಥವರಿಯದೆ ಓದುವವನೂ ಆ ಆರು ಅಧಮರಲ್ಲಿ ಒಬ್ಬನು. ಕಡೆಗೆ ರಾಗ ಬಿಟ್ಟು ಗದ್ಯದಂತೆ ಓದಲಿ. ರಾಗವು ಹ್ರಸ್ವವನ್ನೂ ಎಳೆಯುವುದು; ಎಳೆದರೆ 'ಬಳೆ'ಯು 'ಬಾಳೆ'ಯಾಗುವುದು.

ಹೆಣ್ಣುಹುಲಿಯು ಮರಿಯನ್ನು ಹಲ್ಲಿನಲ್ಲಿ ಹಿಡಿದೊಯ್ಯುವಾಗ ಬೀಳದಂತೆಯೂ ನೋಯದಂತೆಯೂ ಹೇಗೆ ಹಿಡಿಯುವುದೋ ಹಾಗೆ ಅಕ್ಷರಗಳನ್ನು ಉಚ್ಚರಿಸಬೇಕೆಂದು ಅದೇ ಶಿಕ್ಷೆಯಲ್ಲಿರುವುದು. ಅಕ್ಷರಕ್ಕೆ ಹೇಳಿದ ಈ ಮಾತು ಶಿಷ್ಯರಿಗೂ ಸಲ್ಲುವುದೆಂದು ನಾನು ತಿಳಿದುದು ನಿವೃತ್ತನಾದ ಮೇಲೆ. ಹುಡುಗಿ ಈಗ ಗಟ್ಟಿಯಾಗಿ ಓದುವಳು. ಕಾಳಿಯು ಒಮ್ಮೊಮ್ಮೆ ಬರುವುದುಂಟು, ನಾನು ನಗುವುದಿಲ್ಲ.