ಗಾಡಿಯ ಮಾತು: ಪಂದ್ಯದ ಕುದುರೆಯೋ, ಮನೆಯ ಎತ್ತೋ?



ಕಳೆದ ಸಂಚಿಕೆ ಹೊರಬಿದ್ದ ಮೇಲೆ ನಮ್ಮ ಕೈಸೇರಿದ ಕಾಗದಗಳಲ್ಲಿ ಒಂದನ್ನು ಬೇರೆಯಾಗಿ ತೆಗೆದಿಟ್ಟಿದ್ದೆವು. ಬರೆದವರು ಅಣ್ಣಾನಗರದಲ್ಲಿ ನೆಲೆಸಿರುವ, ಕುಂದಾಪುರದ ಕಡೆಯ ಒಬ್ಬ ಗೃಹಸ್ಥರು. ಮಗನಿಗೆ ಒಳ್ಳೆಯ ಕೆಲಸವಾಗಿದೆ. ಹಳೆಯ ಕಾರನ್ನು ಕೊಟ್ಟು ಹೊಸದನ್ನು ತರಬೇಕೆಂದು ಹೊರಟಿದ್ದಾನೆ. "ಮಗನಿಗೆ ಬೇಕಾದದ್ದು ವೇಗ. ಅವನ ತಾಯಿಗೆ ಬೇಕಾದದ್ದು ಮಂಡಿ ನೋಯದಂತೆ ಹತ್ತಿ ಇಳಿಯುವುದು. ನನಗೆ ಬೇಕಾದದ್ದು ನಡುದಾರಿಯಲ್ಲಿ ಕೈಕೊಡದಿರುವುದು. ಮೂರೂ ಒಂದೇ ಗಾಡಿಯಲ್ಲಿ ಸಿಕ್ಕೀತೆ? ಎರಡು ವಾರದಿಂದ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಮಾತಿಲ್ಲ" ಎಂದು ಬರೆದಿದ್ದಾರೆ.

ಕೊನೆಯ ವಾಕ್ಯವನ್ನು ಓದಿ ಮೊದಲು ನಗು ಬಂದಿತು. ಆಮೇಲೆ ನಗು ನಿಂತಿತು. ಕಾರಣವನ್ನು ಮುಂದೆ ಹೇಳುತ್ತೇವೆ.

ವೇಗದ ಹುಚ್ಚು ಈ ಊರಿಗೆ ಹೊಸದಲ್ಲ. ನಗರದ ಉತ್ತರಕ್ಕಿರುವ ಶೋಳವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಹಾದಿಯೊಂದಿತ್ತು. ೧೯೫೩ರಲ್ಲಿ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಹುಟ್ಟಿದ ಮೇಲೆ ಆ ಹಾದಿಯೇ ಪಂದ್ಯದ ಕಣವಾಯಿತು. ಇಂದು ಪಂದ್ಯಗಳು ಇರುಂಗಾಟ್ಟುಕೋಟ್ಟೈಯ ಕಣದಲ್ಲಿ ನಡೆಯುತ್ತವೆ. ೨೦೨೪ರ ಆಗಸ್ಟ್ ಕೊನೆಯಲ್ಲಿ ಐಲೆಂಡ್ ಗ್ರೌಂಡ್ಸ್ ಸುತ್ತಿನ ಬೀದಿಗಳಲ್ಲೇ ರಾತ್ರಿಯ ದೀಪದಡಿ ಫಾರ್ಮುಲಾ ೪ ಗಾಡಿಗಳು ಓಡಿದವು. ಇಂಥ ಊರಿನಲ್ಲಿ ಬೆಳೆದ ಹುಡುಗನಿಗೆ ವೇಗ ಬೇಡವೆಂದರೆ ಅವನು ಕೇಳಿಯಾನೆ?

ಆದರೆ ಇದೇ ಊರು ನಮಗೆ ಇನ್ನೊಂದು ಪಾಠವನ್ನೂ ಕಲಿಸಿದೆ. ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಎಂಬ ಕಾರ್ಖಾನೆ ಇಲ್ಲಿದ್ದದ್ದು ಹಿರಿಯರಿಗೆ ನೆನಪಿರಬಹುದು. ೧೯೬೧ರಿಂದ ಅಲ್ಲಿ ತಯಾರಾದ ಹೆರಾಲ್ಡ್ ಪುಟ್ಟ ಗಾಡಿ. ಅದರ ಇಂಜಿನ್ನು ೯೪೮ ಸಿಸಿ ಮಾತ್ರ. ಆದರೆ ಗಿರಕಿ ಹೊಡೆಯಲು ಅದಕ್ಕೆ ಸುಮಾರು ಇಪ್ಪತ್ತೈದು ಅಡಿ ಜಾಗ ಸಾಕಾಗಿತ್ತು. ಮೈಲಾಪುರದ ಓಣಿಯಲ್ಲಿ ಅದಕ್ಕೆ ಸಮನಿರಲಿಲ್ಲ. ಅದೇ ಕಾರ್ಖಾನೆ ೧೯೮೫ರಲ್ಲಿ ಸ್ಟಾಂಡರ್ಡ್ ೨೦೦೦ ಎಂಬ ಗಾಡಿಯನ್ನು ತಂದಿತು. ಮೈಕಟ್ಟು ಇಂಗ್ಲೆಂಡಿನ ರೋವರ್ ಎಸ್‌ಡಿ೧ ಕಾರಿನದು; ಅಲ್ಲಿ ಅದು ಮೂರೂವರೆ ಲೀಟರಿನ ಎಂಟು ಸಿಲಿಂಡರಿನ ಇಂಜಿನ್ನಿನಿಂದ ಹೆಸರಾಗಿತ್ತು. ಇಲ್ಲಿ ಅದರೊಳಗೆ ಕೂರಿಸಿದ್ದು ಹಳೆಯ ವ್ಯಾನ್‌ಗಾರ್ಡಿನ ವಂಶದ ಎರಡು ಲೀಟರಿನ ಇಂಜಿನ್ನು. ನೋಡಲು ಹುಲಿ, ಓಡಲು ಹಸು, ಕುಡಿಯಲು ಮಾತ್ರ ಆನೆ. ೧೯೮೮ರ ಹೊತ್ತಿಗೆ ತಯಾರಿಕೆಯೇ ನಿಂತುಹೋಯಿತು. ಚೆಲುವನ್ನು ಕಂಡು ಹಣ ಕೊಟ್ಟವರು ಬಿಡಿಭಾಗ ಹುಡುಕುತ್ತ ಅಲೆದರು.

ಆದ್ದರಿಂದ ನಾವು ಅಳೆಯುವ ಕ್ರಮ ಹೀಗೆ: ಮೊದಲು ಸುಖ, ಆಮೇಲೆ ನಂಬಿಕೆ, ಆಮೇಲೆ ದಿನದ ಬಳಕೆ. ವೇಗ ಕಟ್ಟಕಡೆಗೆ.

ಈಗ ಕಣದಲ್ಲಿರುವ ಗಾಡಿಗಳನ್ನು ನೋಡೋಣ. ಮೂರು ಅಂತಸ್ತುಗಳಿಂದ ಒಂದೆರಡನ್ನು ಎತ್ತಿಕೊಂಡಿದ್ದೇವೆ. ಮೊದಲನೆಯದು, ೨೦೨೧ರಲ್ಲಿ ಬಂದ ಹ್ಯುಂಡೈ ಐ೨೦ ಎನ್ ಲೈನ್. ಇದು ನಮ್ಮ ಇರುಂಗಾಟ್ಟುಕೋಟ್ಟೈಯಲ್ಲೇ ಹುಟ್ಟುವ ಗಾಡಿ. ಒಂದು ಲೀಟರಿನ ಟರ್ಬೊ ಇಂಜಿನ್ನು, ೧೨೦ ಕುದುರೆಶಕ್ತಿ. ಎರಡನೆಯ ಅಂತಸ್ತಿನಲ್ಲಿ ಎರಡು: ಪುಣೆಯ ಬಳಿ ಚಾಕಣದಲ್ಲಿ ತಯಾರಾಗಿ ೨೦೨೨ರಲ್ಲಿ ಬಂದ ಫೋಕ್ಸ್‌ವ್ಯಾಗನ್ ವರ್ಟಸ್, ಒಂದೂವರೆ ಲೀಟರಿಗೆ ೧೫೦ ಕುದುರೆಶಕ್ತಿ, ೨೦೨೩ರಲ್ಲಿ ಬಂದ ಹ್ಯುಂಡೈ ವೆರ್ನಾ, ಅಷ್ಟೇ ಇಂಜಿನ್ನಿಗೆ ೧೬೦. ಮೂರನೆಯದು ಬಿಎಂಡಬ್ಲ್ಯು ಎಂ೩೪೦ಐ. ಜರ್ಮನಿಯ ಹೆಸರಾದರೂ ೨೦೨೧ರಿಂದ ಚೆನ್ನೈನ ಹೊರವಲಯದ ಕಾರ್ಖಾನೆಯಲ್ಲಿ ಜೋಡಣೆಯಾದ ಗಾಡಿ. ಮೂರು ಲೀಟರು, ಆರು ಸಿಲಿಂಡರು, ೩೭೦ಕ್ಕೂ ಮೇಲೆ ಕುದುರೆಶಕ್ತಿ. ನಿಂತಲ್ಲಿಂದ ನೂರು ಕಿಲೋಮೀಟರು ವೇಗಕ್ಕೆ ೪.೪ ಸೆಕೆಂಡು. ನಾವು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅದು ಬೀದಿಯ ಕೊನೆ ಮುಟ್ಟಿರುತ್ತದೆ!

ಮೊದಲು ಸುಖದ ಮಾತು. ಕಾರಿನ ಸುಖವನ್ನು ಓಡಿಸಿ ಅಳೆಯುವುದಕ್ಕಿಂತ ನಿಲ್ಲಿಸಿ ಅಳೆಯುವುದು ಮೇಲು. ಉಡುಪಿಯ ಕಡೆಯಿಂದ ಬಂದ ಕೆ. ಕೃಷ್ಣರಾಯರು ೧೯೬೨ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ೨೦೦೮ರಲ್ಲಿ ಮುಚ್ಚುವವರೆಗೂ ನಮಗೆಲ್ಲ ತವರುಮನೆಯಂತಿತ್ತು. ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಅಲ್ಲಿ ಕಾರಿನಲ್ಲೇ ಕುಳಿತು ದೋಸೆ ಕಾಫಿ ಮುಗಿಸಲು ಒಂದು ಗಂಟೆ ಹಿಡಿಯುತ್ತಿತ್ತು. ಹಿಂದಿನ ಆಸನದ ಗುಣ ಆ ಒಂದು ಗಂಟೆಯಲ್ಲಿ ಬಯಲಾಗುತ್ತಿತ್ತು. ಇಂದೂ ಅದೇ ಪರೀಕ್ಷೆ ಸಾಕು. ಅಂಗಡಿಯಲ್ಲಿ ಮಗ ಸ್ಟಿಯರಿಂಗ್ ಹಿಡಿದು ಕೂರಲಿ. ತಾಯಿ ಹಿಂದೆ ಅರ್ಧ ಗಂಟೆ ಕೂರಲಿ, ಮೂರು ಸಲ ಹತ್ತಿ ಇಳಿಯಲಿ. ನೆಲಕ್ಕೆ ಬಗ್ಗಿದ ಗಾಡಿ ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಸರಿ. ಆದರೆ ಅದರಿಂದ ಏಳುವಾಗ ಮಂಡಿಯೇ ಜಾಕಿಯ ಕೆಲಸ ಮಾಡಬೇಕಾಗುತ್ತದೆ.

ಚಕ್ರದ ಮೇಲೆ ಬರೆದಿರುವ ಅಂಕೆಯನ್ನೂ ಓದಿ. ೨೦೫/೫೫ ಎಂದಿದ್ದರೆ ಟೈರಿನ ಅಗಲ ೨೦೫ ಮಿಲಿಮೀಟರು, ಪಕ್ಕದ ಎತ್ತರ ಅದರ ನೂರಕ್ಕೆ ೫೫ ಪಾಲು, ಎಂದರೆ ಸುಮಾರು ೧೧೩ ಮಿಲಿಮೀಟರು. ೨೨೫/೪೦ ಎಂದಿದ್ದರೆ ಕೇವಲ ೯೦. ಈ ಎತ್ತರದ ರಬ್ಬರು ಮತ್ತು ಅದರೊಳಗಿನ ಗಾಳಿಯೇ ಗುಂಡಿಗೂ ನಿಮ್ಮ ಬೆನ್ನಿಗೂ ನಡುವಿನ ಮೊದಲ ಮೆತ್ತೆ. ಮೆತ್ತೆ ತೆಳುವಾದಷ್ಟೂ ಗಾಡಿ ಚುರುಕು, ಬೆನ್ನು ಬಡಪಾಯಿ. ಮಳೆಗಾಲ ಕಳೆದ ಮೇಲೆ ನಮ್ಮ ರಸ್ತೆಗಳು ಹೇಗಿರುತ್ತವೆಂದು ತಮಗೆ ಹೇಳಬೇಕಾಗಿಲ್ಲ. ಅದೇ ಮಾದರಿಯಲ್ಲಿ ದೊಡ್ಡ ಚಕ್ರ ಚಿಕ್ಕ ಚಕ್ರ ಎರಡೂ ಸಿಗುವುದಾದರೆ ಚಿಕ್ಕದನ್ನೇ ಆರಿಸಿ.

ಇನ್ನು ನಂಬಿಕೆ. ನಮ್ಮ ನಗು ನಿಂತದ್ದರ ಕಾರಣ ಇಲ್ಲಿದೆ.

ಹನ್ನೆರಡು ವರ್ಷದ ಹಿಂದೆ ನಾವೂ ಒಂದು ವೇಗದ ಗಾಡಿಯನ್ನು ಕೊಂಡಿದ್ದೆವು, ಎರಡನೆಯ ಕೈಯದು. ಹೆಸರು ಬೇಡ. ಒಂದು ರಾತ್ರಿ ಒಂಬತ್ತಕ್ಕೆ ಬಸವನಗುಡಿಯಿಂದ ಫೋನು ಬಂತು. ತಂದೆಯವರಿಗೆ ಎದೆನೋವು, ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಬಸ್ಸಿಗೆ ಹೋಗಿ ಎಂದು ಮನೆಯಾಕೆ ಹೇಳಿದರೂ ಕೇಳದೆ, "ಇಂಥ ಗಾಡಿ ಇಟ್ಟುಕೊಂಡು ಬಸ್ಸೇ?" ಎಂದು ಹೊರಟೆವು. ಆಂಬೂರು ದಾಟುವವರೆಗೆ ಕುದುರೆ ಹಾರಿತು. ಅಲ್ಲಿಂದಾಚೆಗೆ ಎಳೆತವೆಲ್ಲ ಇದ್ದಕ್ಕಿದ್ದಂತೆ ಸತ್ತು, ಹಳದಿ ದೀಪ ಹತ್ತಿತು. ಯಂತ್ರ ತನ್ನನ್ನು ತಾನೇ ಕಾಪಾಡಿಕೊಳ್ಳಲು ಕುಂಟುವ ನಡಿಗೆಗೆ ಇಳಿದಿತ್ತು. ಗಂಟೆಗೆ ನಲವತ್ತು ಕಿಲೋಮೀಟರು. ಮೂಟೆ ಹೊತ್ತ ಲಾರಿಗಳು ನಮ್ಮನ್ನು ಹಿಂದೆ ಹಾಕಿದವು. ಬೇಡವೆಂದ ಬಸ್ಸೂ ಹಿಂದೆ ಹಾಕಿತೋ ಏನೋ.

ವಾಣಿಯಂಬಾಡಿಯ ಬಳಿ ಒಂದು ಟೀ ಅಂಗಡಿ, ಅದರ ಪಕ್ಕದಲ್ಲಿ ಲಾರಿ ರಿಪೇರಿಯ ಶೆಡ್ಡು. ನಿದ್ದೆಯಿಂದ ಎದ್ದು ಬಂದ ಇಪ್ಪತ್ತರ ಹುಡುಗ ಬ್ಯಾಟರಿ ಹಿಡಿದು ಹುಡುಕಿ, ಟರ್ಬೊದಿಂದ ಗಾಳಿ ಸಾಗಿಸುವ ರಬ್ಬರು ಕೊಳವೆಯ ತುದಿ ಸೀಳಿರುವುದನ್ನು ತೋರಿಸಿದ. ಸೀಳಿದಷ್ಟನ್ನು ಕತ್ತರಿಸಿ ಲಾರಿಯ ಪಟ್ಟಿಯೊಂದನ್ನು ಬಿಗಿದು ಇನ್ನೂರು ರೂಪಾಯಿ ತೆಗೆದುಕೊಂಡ. ಆ ಕೊಳವೆ ಹಳತಾಗಿದೆಯೆಂದು ಹಿಂದಿನ ತಿಂಗಳೇ ನಮಗೆ ತಿಳಿಸಿದ್ದರು. ಹೊಸದು ಬರಲು ಮೂರು ವಾರ ಎಂದಾಗ, ಆಗಲಿ ನೋಡೋಣ ಎಂದು ಸುಮ್ಮನಾದವರು ನಾವೇ.

ಆಸ್ಪತ್ರೆ ಮುಟ್ಟಿದಾಗ ಬೆಳಿಗ್ಗೆ ಆರು. ಅರ್ಧ ಗಂಟೆ ಮೊದಲೇ ತಂದೆಯವರನ್ನು ಒಳಗೆ ಕರೆದೊಯ್ದಿದ್ದರು. ಒಪ್ಪಿಗೆಯ ಕಾಗದಕ್ಕೆ ತಾಯಿಯೊಬ್ಬರೇ ರುಜು ಹಾಕಿದ್ದರು. ಆ ರುಜುವನ್ನು ಆಮೇಲೆ ನೋಡಿದೆವು. ಅವರ ಹೆಸರಿನ ಕೊನೆಯ ಅಕ್ಷರ ಗೆರೆಯಿಂದ ಕೆಳಕ್ಕೆ ಜಾರಿತ್ತು. ದೇವರ ದಯೆ, ತಂದೆಯವರು ಚೇತರಿಸಿಕೊಂಡರು. ನಾಲ್ಕು ದಿನದ ಮೇಲೆ "ನಿನ್ನ ಕುದುರೆ ಎಲ್ಲಿ ಮೇಯುತ್ತಿತ್ತು?" ಎಂದು ಕೇಳಿ ನಕ್ಕರು. ತಾಯಿ ನಗಲಿಲ್ಲ.

ಅಂದಿನಿಂದ ನಮ್ಮ ಮತ ಇದು. ಗಾಡಿಯ ನಂಬಿಕೆ ಜಾಹೀರಾತಿನಲ್ಲಿಲ್ಲ. ವಾಣಿಯಂಬಾಡಿಯಲ್ಲಿ ಅದನ್ನು ಬಿಚ್ಚಬಲ್ಲವರು ಇದ್ದಾರೆಯೇ, ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆ ಎಂಬುದರಲ್ಲಿದೆ. ಆ ಲೆಕ್ಕಕ್ಕೆ ಹೆಚ್ಚು ಮಾರಾಟವಾಗುವ ಗಾಡಿಗಳ ಒಡಹುಟ್ಟಿದವೇ ವಾಸಿ. ಐ೨೦ ಎನ್ ಲೈನಿನ ಬಹುಪಾಲು ಭಾಗಗಳು ಸಾಧಾರಣ ಐ೨೦ ಗಾಡಿಯವೇ. ಬಿಎಂಡಬ್ಲ್ಯು ದೊಡ್ಡ ಊರುಗಳಲ್ಲಿ ರಾಜನಂತೆ ಉಪಚಾರ ಪಡೆಯುತ್ತದೆ. ಶಿರಾಡಿ ಘಾಟಿಯಲ್ಲಿ ನಿಂತರೆ ರಾಜನೂ ಲಾರಿಯ ಬೆನ್ನೇರಿ ಬರಬೇಕು. ಕಂಪನಿಯೇ ಅಂಗಡಿ ಮುಚ್ಚುವುದೂ ಉಂಟು. ಮರೈಮಲೈನಗರದ ಫೋರ್ಡ್ ಕಾರ್ಖಾನೆಯ ಐಕಾನ್, ಫಿಯೆಸ್ಟಾ ಗಾಡಿಗಳನ್ನು ಓಡಿಸುವ ಸುಖಕ್ಕಾಗಿ ಪ್ರೀತಿಸಿದವರು ನಮ್ಮಲ್ಲಿ ಎಷ್ಟೋ ಮಂದಿ. ೨೦೨೧ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವ ಸುದ್ದಿ ಬಂದಾಗ ಅವರ ಮುಖ ಹೇಗಾಗಿತ್ತೆಂದು ನೋಡಿದ್ದೇವೆ.

ದಿನದ ಬಳಕೆಯಲ್ಲಿ ಮುಖ್ಯವಾದದ್ದು ಗೇರುಪೆಟ್ಟಿಗೆ. ಮೇಲೆ ಹೇಳಿದ ಟರ್ಬೊ ಹ್ಯುಂಡೈ ಮತ್ತು ಫೋಕ್ಸ್‌ವ್ಯಾಗನ್ ಗಾಡಿಗಳ ಸ್ವಯಂಚಾಲಿತ ಗೇರಿನಲ್ಲಿ ಎರಡು ಕ್ಲಚ್ಚುಗಳಿರುತ್ತವೆ. ತೆರೆದ ರಸ್ತೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಗೇರು ಬದಲಾಗುತ್ತದೆ. ಆದರೆ ಕತ್ತಿಪಾರದ ದಟ್ಟಣೆಯಲ್ಲಿ ಇರುವೆಯಂತೆ ತೆವಳುವಾಗ ಕ್ಲಚ್ಚು ಅರ್ಧ ಹಿಡಿದು ಅರ್ಧ ಬಿಟ್ಟು ಕಾಯುತ್ತದೆ. ಎಂ೩೪೦ಐ ಗಾಡಿಯಲ್ಲಿರುವುದು ಎಣ್ಣೆಯ ಮೂಲಕ ಬಲ ಸಾಗಿಸುವ ಎಂಟು ಗೇರಿನ ಪೆಟ್ಟಿಗೆ. ತೆವಳುವುದರಲ್ಲಿ ಅದು ಸಮಾಧಾನಿ. ಎರಡು ಕ್ಲಚ್ಚಿನ ಗಾಡಿ ಕೊಂಡವರು ಮುಂದಿನ ಗಾಡಿಗೆ ಅಂಟಿಕೊಂಡು ಇಂಚಿಂಚು ಸರಿಯದೆ, ಸ್ವಲ್ಪ ಜಾಗ ಬಿಟ್ಟು, ಒಮ್ಮೆ ಪೂರ್ತಿ ಮುಂದೆ ಹೋಗಿ, ಪೂರ್ತಿ ನಿಲ್ಲಲಿ. ಇಷ್ಟು ಮಾಡಿದರೆ ಕ್ಲಚ್ಚಿನ ಆಯಸ್ಸು ಹೆಚ್ಚುತ್ತದೆ.

ಸಾಮಾನಿನ ಜಾಗವೂ ಲೆಕ್ಕಕ್ಕೆ ಬರಬೇಕು. ವರ್ಟಸ್ ಹಿಂಬದಿಯಲ್ಲಿ ೫೨೧ ಲೀಟರು, ವೆರ್ನಾದಲ್ಲಿ ೫೨೮, ಐ೨೦ಯಲ್ಲಿ ೩೧೧. ಊರಿಗೆ ಹೋಗುವಾಗ ಇದು ಗೊತ್ತಾಗುವುದಿಲ್ಲ. ಊರಿನಿಂದ ಬರುವಾಗ ತೆಂಗಿನಕಾಯಿ ಮೂಟೆ, ಹಪ್ಪಳದ ಡಬ್ಬ, ಉಪ್ಪಿನಕಾಯಿ ಜಾಡಿ ಸಾಲಾಗಿ ನಿಂತಾಗ ಗೊತ್ತಾಗುತ್ತದೆ.

ಮಳೆಯ ಮಾತನ್ನು ಬಿಡುವಂತಿಲ್ಲ. ೨೦೧೫ರ ಡಿಸೆಂಬರನ್ನೂ ೨೦೨೩ರ ಮಿಚಾಂಗ್ ಚಂಡಮಾರುತವನ್ನೂ ಕಂಡ ನಾವು, ೨೦೨೪ರ ಅಕ್ಟೋಬರಿನಲ್ಲಿ ವೇಳಚ್ಚೇರಿ ಮೇಲ್ಸೇತುವೆಯ ಮೇಲೆ ಕಾರುಗಳು ಸಾಲುಗಟ್ಟಿ ನಿಂತದ್ದನ್ನೂ ಕಂಡೆವು. ಇಂಜಿನ್ನು ಗಾಳಿಯ ಬದಲು ನೀರು ಕುಡಿದರೆ ಸಿಲಿಂಡರಿನೊಳಗಿನ ದಂಡವೇ ಬಾಗಬಹುದು. ನೀರಿನಲ್ಲಿ ನಿಂತುಹೋದ ಗಾಡಿಯನ್ನು ಮತ್ತೆ ಚಾಲೂ ಮಾಡಲು ಹೋಗಬೇಡಿ, ಎಳೆಸಿಕೊಂಡು ಹೋಗಿ. ವಿಮೆಯಲ್ಲಿ ಇಂಜಿನ್ನಿನ ರಕ್ಷಣೆ ಸೇರಿದೆಯೇ ಎಂದು ಇಂದೇ ನೋಡಿಕೊಳ್ಳಿ.

ಹಾಗಾದರೆ ವೇಗದಿಂದ ಉಪಯೋಗವೇ ಇಲ್ಲವೇ? ಇದೆ. ಘಾಟಿಯಲ್ಲಿ ಲಾರಿಯೊಂದನ್ನು ಚಟಕ್ಕನೆ ದಾಟಿ ಎದುರಿನ ಗಾಡಿಗೆ ದಾರಿ ಬಿಡಲು ಬಲವುಳ್ಳ ಇಂಜಿನ್ನು ನಿಜವಾದ ರಕ್ಷಣೆ. ಅದಕ್ಕೆ ೧೫೦ ಕುದುರೆ ಧಾರಾಳ. ಮಿಕ್ಕದ್ದಕ್ಕೆ ಲೆಕ್ಕ ನೋಡಿ. ಚೆನ್ನೈ ನಗರದೊಳಗೆ ಕಾರಿಗೆ ೬೦ರ ಮಿತಿ ಇಟ್ಟದ್ದು ೨೦೨೩ರ ನವೆಂಬರಿನಲ್ಲಿ. ಬೆಂಗಳೂರಿಗೆ ಸುಮಾರು ೩೫೦ ಕಿಲೋಮೀಟರು. ನೂರರ ಬದಲು ನೂರಿಪ್ಪತ್ತರಲ್ಲಿ ಹೋದರೆ ಕಾಗದದ ಮೇಲೆ ಉಳಿಯುವುದು ಮೂವತ್ತೈದು ನಿಮಿಷ. ಅದನ್ನು ಸುಂಕದ ಕಟ್ಟೆಗಳೂ ಹೊಸೂರಿನ ದಟ್ಟಣೆಯೂ ಹಂಚಿಕೊಂಡು ತಿನ್ನುತ್ತವೆ. ನೂರರ ವೇಗದಲ್ಲಿ ಗಾಡಿ ಸೆಕೆಂಡಿಗೆ ೨೮ ಮೀಟರು ಹೋಗುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಈ ಒಂದು ಗಣಿತವನ್ನು ಮಗನಿಗೆ ತಂದೆಯೇ ಹೇಳಿಕೊಡಲಿ.

ಈಗ ಅಣ್ಣಾನಗರದ ಮಿತ್ರರಿಗೆ ನಮ್ಮ ಉತ್ತರ. ನಿಮ್ಮ ಮನೆಗೆ ನಡುವಿನ ಅಂತಸ್ತೇ ಸರಿ. ವರ್ಟಸ್, ವೆರ್ನಾ ಎರಡಕ್ಕೂ ೨೦೨೩ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಐದು ನಕ್ಷತ್ರ ಬಂದಿವೆ. ಮಗನಿಗೆ ಸಾಕಷ್ಟು ವೇಗ, ನಿಮ್ಮ ಸಾಮಾನಿಗೆ ಜಾಗ. ಎರಡರಲ್ಲಿ ಯಾವುದು ಎಂಬುದನ್ನು ಅವನ ತಾಯಿಯ ಮಂಡಿ ತೀರ್ಮಾನಿಸಲಿ. ಅವರಿಗೆ ಎರಡೂ ತಗ್ಗೆನಿಸಿದರೆ ಎತ್ತರದ ಗಾಡಿಗಳ ಕಡೆ ಹೋಗಿ. ಮಗ ಸ್ವಲ್ಪ ಮುಖ ಸಣ್ಣದು ಮಾಡಲಿ, ಪರವಾಗಿಲ್ಲ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಇದೆಯಲ್ಲ. ಈ ಮನೆಯಲ್ಲಿ ಕಾಲುನೋವು ನಿಜವಾದದ್ದು, ಕುದುರೆಯೇ ಅದಕ್ಕೆ ಹೊಂದಿಕೊಳ್ಳಬೇಕು. ಮಗನ ಆಸೆಯೂ ತಪ್ಪಲ್ಲ. ವರ್ಷಕ್ಕೊಮ್ಮೆ ಅವನನ್ನು ಇರುಂಗಾಟ್ಟುಕೋಟ್ಟೈಯ ಪಂದ್ಯಕ್ಕೆ ಕರೆದುಕೊಂಡು ಹೋಗಿ, ನೀವೂ ಜೊತೆಗೆ ಕುಳಿತು ನೋಡಿ.

ಅಂಗಡಿಗೆ ಮೂವರೂ ಒಟ್ಟಿಗೆ ಹೋಗಿ. ಹೋಗುವ ಮುನ್ನ ಒಟ್ಟಿಗೆ ಕುಳಿತು ಊಟ ಮಾಡಿ, ಮಾತಾಡಿ. ಗಾಡಿ ಯಾವುದು ಬಂತು, ಮನೆಯಲ್ಲಿ ಮಾತು ತಿರುಗಿ ಬಂತೇ ಎಂಬುದನ್ನು ಮುಂದಿನ ಸಂಚಿಕೆಗೆ ಮೊದಲು ನಮಗೆ ಒಂದು ಸಾಲು ಬರೆದು ತಿಳಿಸಿ. ಮಿಕ್ಕ ಓದುಗ ಬಂಧುಗಳೂ ತಮ್ಮ ಗಾಡಿಯ ಸುಖದುಃಖಗಳನ್ನು ಬರೆಯಲಿ.