ಮೊದಲ ರಕ್ತಪರೀಕ್ಷೆಯ ಚೀಟಿ ಜೋಪಾನ

ಮಗುವಿಗೆ ಬಿಡದ ಜ್ವರ, ಮೈ ಬಿಳಿಚಿಕೊಂಡಿದೆ ಎಂದು ದೇವರಾಜ ಮೊಹಲ್ಲಾದಲ್ಲಿ ರಕ್ತಕಣಗಳ ಎಣಿಕೆ ಮಾಡಿಸುತ್ತೀರಿ. ಆ ಚೀಟಿಯನ್ನು ಎಸೆಯಬೇಡಿ. ಒಂದು ವೇಳೆ ಅದು ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರ್ ಆದ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂದಾದರೆ, ಬಿಳಿ ಕಣಗಳು ಘನ ಮಿಲಿಮೀಟರಿಗೆ 50,000ಕ್ಕಿಂತ ಕಡಿಮೆಯಿದ್ದು ವಯಸ್ಸು 1ರಿಂದ 10ರೊಳಗಿದ್ದರೆ ಗುಣವಾಗುವ ಸಂಭವ ಹೆಚ್ಚು. ಔಷಧಿ ಎಷ್ಟು ಬಿಗಿಯಾಗಿರಬೇಕೆಂದು ವೈದ್ಯರು ನಿರ್ಧರಿಸಲು ಇದೂ ಒಂದು ಆಧಾರ. ಆದರೆ ಸ್ಟೀರಾಯ್ಡ್ ಕೊಟ್ಟ ಮೇಲೆ ಈ ಸಂಖ್ಯೆ ಇಳಿದುಬಿಡಬಹುದು. ಆಗ ಮೂಲ ಅಂಕಿ ಮೊದಲ ಚೀಟಿಯಲ್ಲಷ್ಟೇ ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೊರಡುವಾಗಲೂ ಅದು ಜತೆಗಿರಲಿ. ಅಂಕಿ ಹೆಚ್ಚಿದ್ದರೆ ಎದೆಗುಂದಬೇಡಿ. ಕ್ಯಾನ್ಸರ್ ಕಣಗಳ ಜೀನ್ ಬದಲಾವಣೆ, ಮೊದಲ ತಿಂಗಳ ಚಿಕಿತ್ಸೆಗೆ ಕಾಯಿಲೆ ಬಗ್ಗುವ ರೀತಿಯನ್ನೂ ವೈದ್ಯರು ನೋಡುತ್ತಾರೆ. ಒಂದು ಅಂಕಿ ನೋಡಿ ಮನೆಯಲ್ಲೇ ತೀರ್ಮಾನಿಸಿ ಚಿಕಿತ್ಸೆ ಬಿಡುವುದು ಸರ್ವಥಾ ಸಲ್ಲದು.